ಓಡುವವರಿಗೆ ಬಿಟ್ಟ ಜಾಗ

ಟಾಂಪೆರೆ, ಮೊದಲ ಬೆಳಿಗ್ಗೆ

ಫಿನ್ಲೆಂಡಿನ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸ ಬಿದ್ದದ್ದು. ರೈಲು ನಿಲ್ದಾಣದ ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟೆ. ಕಾಲು ಮುಂದೆ ಹೋಯಿತು, ನಾನು ಹಿಂದೆ ಉಳಿದೆ. ಬೂದಿ ಬಣ್ಣದ ಆಕಾಶ ಕಂಡಿತು. ಅದಕ್ಕೆ ಅಡ್ಡವಾಗಿ, ಮಂಕಿ ಕ್ಯಾಪಿನ ಒಳಗಿನಿಂದ ತಿಪ್ಪೇಸ್ವಾಮಿ ಮೇಷ್ಟ್ರ ಮುಖ ಕಂಡಿತು.

"ಏಳ್ರೀ ಮೇಡಂ. ಪಾರ್ಕು ನೋಡಾಕೆ ಬಂದೀವಿ, ಮಲಗಾಕಲ್ಲ."

ಊರಿಗೆ ಬಂದ ಮೇಲೆ ಇದನ್ನು ಹೀಗೇ ಹೇಳುತ್ತಾ ಬಂದಿದ್ದೇನೆ, ಕೇಳಿದವರೆಲ್ಲ ನಗುತ್ತಾರೆ. ಆದರೆ ನನ್ನ ಡೈರಿಯಲ್ಲಿ 'ಸೊಂಟ ನೋವು' ಎಂದು ಬರೆದಿರುವುದು ಮೂರನೆಯ ದಿನದ ಪುಟದಲ್ಲಿ. ಬೀಳುವುದು ಮೊದಲ ದಿನಕ್ಕೆ ಚೆನ್ನಾಗಿ ಹೊಂದುತ್ತದೆಂದು ಯಾವಾಗಲೋ ಅದನ್ನು ಅಲ್ಲಿಂದ ಎತ್ತಿ ಇಲ್ಲಿಟ್ಟಿದ್ದೇನೆ. ಇಂಥ ಎತ್ತಿಟ್ಟ ಸಂಗತಿಗಳು ಮುಂದೆಯೂ ಇರಬಹುದು, ಎಲ್ಲವನ್ನೂ ನಾನು ಕಂಡುಹಿಡಿಯಲಾರೆ. ಒಂದನ್ನು ಮಾತ್ರ ಅದರ ಜಾಗದಲ್ಲೇ ಬಿಡಬೇಕೆಂದು ಈ ಬರಹಕ್ಕೆ ಕುಳಿತಿದ್ದೇನೆ.

ನಾನು ಚನ್ನಗಿರಿಯಲ್ಲಿ ಮನೆಗಳ ನಕ್ಷೆ ಬರೆಯುವವಳು. ತಿಪ್ಪೇಸ್ವಾಮಿಯವರು ಜಗಳೂರಿನ ಹೈಸ್ಕೂಲೊಂದರಲ್ಲಿ ಆಟದ ಮೇಷ್ಟ್ರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರಲ್ಲೂ ಹುಡುಗರೂ ದೊಡ್ಡವರೂ ಬಳಸುವಂಥ ಒಂದೊಂದು ಪಾರ್ಕು ಆಗಬೇಕೆಂದು ಜನರೇ ಸೇರಿ ಕಟ್ಟಿಕೊಂಡ ಸಮಿತಿಯೊಂದಿದೆ. ಅದರಲ್ಲಿ ಗೆರೆ ಎಳೆಯುವ ಕೆಲಸ ನನ್ನದು, ಆಟದ ತಿಳಿವಳಿಕೆ ಅವರದು. ಸಣ್ಣ ಊರುಗಳ ಪಾರ್ಕುಗಳ ಬಗ್ಗೆ ಟಾಂಪೆರೆಯಲ್ಲಿ ನಡೆಯುವ ಹತ್ತು ದಿನದ ಕಮ್ಮಟಕ್ಕೆ ಅರ್ಜಿ ಹಾಕಿದ್ದೆವು. ಇಬ್ಬರನ್ನೂ ಕರೆದರು. ನವೆಂಬರಿನಲ್ಲಿ ಯಾರೂ ಆ ದೇಶಕ್ಕೆ ಹೋಗುವುದಿಲ್ಲವೆಂಬುದು ಹೋದ ಮೇಲೆ ತಿಳಿಯಿತು.

ಸಮಿತಿ ಹುಟ್ಟಿದ್ದು ಒಂದು ಸಾವಿನಿಂದ. ನಾವು ಟಾಂಪೆರೆಗೆ ಹೋಗುವ ಹಿಂದಿನ ವರ್ಷ, ಅಡಿಕೆ ಕಾಲದಲ್ಲಿ, ನೇತ್ರಾ ಎಂಬ ಹುಡುಗಿ ಬಸವಾಪಟ್ಟಣದ ರಸ್ತೆಯಲ್ಲಿ ಬೆಳಗಿನ ಜಾವ ಓಡುತ್ತಿದ್ದಳು. ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ದೈಹಿಕ ಪರೀಕ್ಷೆಗೆ ಅಭ್ಯಾಸ. ರಸ್ತೆಯ ಪಕ್ಕದಲ್ಲಿ ಸುರಿದಿದ್ದ ಅಡಿಕೆ ಸಿಪ್ಪೆಯ ರಾಶಿಗಳಿಗೆ ಯಾರೋ ಬೆಂಕಿ ಇಟ್ಟಿದ್ದರು, ಆ ಹೊಗೆ ರಸ್ತೆಗೆ ಅಡ್ಡ ಮಲಗಿತ್ತು. ಹಿಂದಿನಿಂದ ಬಂದ ಲಾರಿಗೆ ಅವಳು ಕಾಣಲಿಲ್ಲ. ಜೊತೆಗೆ ಓಡುತ್ತಿದ್ದವಳು ನನ್ನ ಅಣ್ಣನ ಮಗಳು ಭವ್ಯ. ಅವಳು ನಾಲ್ಕು ಹೆಜ್ಜೆ ಮುಂದಿದ್ದಳು.

ಭವ್ಯ ಆಮೇಲೂ ಅದೇ ರಸ್ತೆಯಲ್ಲಿ ಓಡುತ್ತಿದ್ದಳು. ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು, ಬೇರೆ ಜಾಗವಿರಲಿಲ್ಲ. ನಾನು ಹೊರಡುವ ದಿನ ಸೂಟ್‌ಕೇಸಿನ ಮೇಲೆ ಕುಳಿತು ಜಿಪ್ ಎಳೆದುಕೊಟ್ಟವಳು ಅವಳೇ.

"ಅತ್ತೆ, ಬರೋವಾಗ ಚಾಕ್ಲೇಟ್ ಗೀಕ್ಲೇಟ್ ಬ್ಯಾಡ. ನಂಗೆ ಓಡಾಕೆ ನಾನೂರು ಮೀಟರ್ ತಗಂಡ್ ಬಾ, ಸಾಕು."

ಗೇಟು ಹುಡುಕಿದ ದಿನ

ನಮ್ಮನ್ನು ನೋಡಿಕೊಳ್ಳುತ್ತಿದ್ದವರು ರೈಯಾ. ಅರವತ್ತರ ಹತ್ತಿರದ ಹೆಂಗಸು, ಬದುಕಿಡೀ ಆ ಊರಿನ ಪಾರ್ಕುಗಳ ನಕ್ಷೆ ಬರೆದವರು. ಅವರ ಎರಡು ವಾಕ್ಯಗಳ ನಡುವೆ ನಮ್ಮಲ್ಲಿ ಒಂದು ಪಂಚಾಯಿತಿ ಮುಗಿಸಬಹುದು. ನಾವು ಮೂವರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಅದು ಯಾರ ಸ್ವಂತದ್ದೂ ಅಲ್ಲವಾದ್ದರಿಂದ ತಪ್ಪುಗಳಿಗೆ ಯಾರೂ ನಗುತ್ತಿರಲಿಲ್ಲ.

ಹತ್ತು ಗಂಟೆಗೆ ಪಾರ್ಕಿನ ಒಳಗೆ ಬನ್ನಿ ಎಂದಿದ್ದರು. ಹತ್ತಾದರೂ ಬೆಳಕು ಸರಿಯಾಗಿ ಬಂದಿರಲಿಲ್ಲ. ಕೆಂಪು ಇಟ್ಟಿಗೆಯ ಹಳೆಯ ಕಾರ್ಖಾನೆಗಳನ್ನು ದಾಟಿ ಪಾರ್ಕನ್ನು ಕಂಡುಹಿಡಿದೆವು. ಒಳಗೆ ಹೋಗುವ ಗೇಟು ಮಾತ್ರ ಸಿಗಲಿಲ್ಲ. ಎಡಕ್ಕೆ ನಡೆದೆವು. ಮೊಣಕಾಲೆತ್ತರದ ಗಿಡಗಳು, ನಡುನಡುವೆ ಖಾಲಿ. ಮೂಲೆ ತಿರುಗಿದೆವು. ಮತ್ತೆ ಗಿಡಗಳು.

"ಇಷ್ಟ್ ದೊಡ್ ಪಾರ್ಕಿಗೆ ಒಂದ್ ಗೇಟ್ ಇಲ್ಲಾಂದ್ರೆ ಹೆಂಗ್ರೀ? ಕಂಟ್ರಾಕ್ಟರ್ ನುಂಗಿರ್ಬೇಕು," ಎಂದರು ತಿಪ್ಪೇಸ್ವಾಮಿ.

ಪೂರ್ತಿ ಒಂದು ಸುತ್ತು ಬಂದು ಹೊರಟಲ್ಲಿಗೇ ತಲುಪಿದಾಗ, ಪಾರ್ಕಿನ ನಡುವೆ ಹುಲ್ಲಿನ ಮೇಲೆ ರೈಯಾ ನಿಂತಿದ್ದರು. ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿದ್ದರಂತೆ. ಇದು ನಮ್ಮ ದೇಶದ ಪದ್ಧತಿ ಇರಬಹುದು, ಯಾವುದೇ ಜಾಗಕ್ಕೆ ಮೊದಲು ಪ್ರದಕ್ಷಿಣೆ ಹಾಕುತ್ತಾರೆ ಎಂದುಕೊಂಡರಂತೆ.

ಗೋಡೆಯೇ ಇಲ್ಲದ ಆ ಪಾರ್ಕಿನ ಒಳಗೆ ಒಂದು ಬಯಲು ವ್ಯಾಯಾಮದ ಜಾಗವಿತ್ತು. ಕಬ್ಬಿಣದ ಅಡ್ಡಕೋಲುಗಳಿಗೆ ಹದಿನಾರು ಹದಿನೇಳರ ಹುಡುಗರು ಜೋತುಬೀಳುತ್ತಿದ್ದರು. ಅವರು ಕೆಳಗಿಳಿಯಲೆಂದು ಎಪ್ಪತ್ತು ದಾಟಿದ ಮುದುಕರೊಬ್ಬರು ಪಕ್ಕದಲ್ಲಿ ಕಾಯುತ್ತಿದ್ದರು. ಹುಡುಗರು ಇಳಿದರು, ಮುದುಕರು ಹತ್ತಿದರು. ಯಾರೂ ಯಾರನ್ನೂ ಮಾತಾಡಿಸಲಿಲ್ಲ, ಮುಖವನ್ನೂ ನೋಡಲಿಲ್ಲ. ನಮ್ಮಲ್ಲಾಗಿದ್ದರೆ ಅಜ್ಜನಿಗೆ ಇಷ್ಟು ಹೊತ್ತಿಗೆ ಯಾವ ಊರು, ಯಾರ ಪೈಕಿ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಎಂದು ಮೂರು ಪ್ರಶ್ನೆ ಬಿದ್ದಿರುತ್ತಿದ್ದವು. ಇವರಿಗೆ ಜಾಗವಿದೆ, ಮಾತಿಲ್ಲ. ನಮಗೆ ಮಾತಿದೆ. ಹೀಗೆ ಎರಡು ತಟ್ಟೆಗೆ ಸಮನಾಗಿ ಹಂಚಿಬಿಟ್ಟ ಮೇಲೆ ನನಗೇ ನಂಬಿಕೆ ಬರಲಿಲ್ಲ. ಆ ಮುದುಕರು ಇಳಿಯುವಾಗ ಒಬ್ಬ ಹುಡುಗ ಕೈ ಕೊಟ್ಟನೇ? ಕೊಟ್ಟನೆಂದು ತಿಪ್ಪೇಸ್ವಾಮಿ ಹೇಳುತ್ತಾರೆ. ನಾನು ನೋಡಿಲ್ಲ.

ಬೆಂಚಿನ ಮೇಲೆ ನಮ್ಮ ನಾಲ್ಕು ನಕ್ಷೆಗಳನ್ನು ಹರಡಿದೆ. ಹೊನ್ನಾಳಿಯದು ಹೊಳೆದಂಡೆಯ ತಗ್ಗು. ನ್ಯಾಮತಿಯದು ಸಂತೆ ಮೈದಾನದ ಪಕ್ಕದ ತುಂಡು. ಜಗಳೂರಿನದು ಊರಾಚೆಯ ಬೋಳು ಇಳಿಜಾರು. ಚನ್ನಗಿರಿಯದು ಊರಂಚಿನ ಚೌಕ ಜಮೀನು. ನಾಲ್ಕೂ ಹಾಳೆಯಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ದಪ್ಪ ಕಪ್ಪು ಗೆರೆ, ಕಾಂಪೌಂಡು. ನಮ್ಮಲ್ಲಿ ಪಾರ್ಕು ಅಲ್ಲಿಂದಲೇ ಶುರುವಾಗುತ್ತದೆ. ಗೋಡೆ, ಗೇಟು, ಹೆಸರಿನ ಕಮಾನು. ಒಳಗೆ ಏನಿರಬೇಕೆಂಬುದು ಇವೆಲ್ಲ ಮುಗಿದ ಮೇಲೆ ನೆನಪಾಗುತ್ತದೆ, ಅಷ್ಟರಲ್ಲಿ ಉಳಿದಿರುವ ಸಿಮೆಂಟಿನಲ್ಲಿ ಎರಡು ಜಿಂಕೆ ಆಗುತ್ತವೆ.

ರೈಯಾ ಕಪ್ಪು ಗೆರೆಯ ಮೇಲೆ ಬೆರಳಿಟ್ಟರು. "ಇದು ಯಾರನ್ನು ತಡೆಯಲು?"

ಹೊನ್ನಾಳಿಯಲ್ಲಿ ದನ, ನ್ಯಾಮತಿಯಲ್ಲಿ ಸಂತೆಯ ಗಾಡಿ ಎಂದೆ. ಜಗಳೂರಿಗೆ ತಿಪ್ಪೇಸ್ವಾಮಿ ತಾವೇ ಉತ್ತರ ಕೊಟ್ಟರು. ತಮ್ಮ ಕಡೆ ತಡೆಯುವಂಥದ್ದು ಏನೂ ಇಲ್ಲ, ಬಿಸಿಲು ಒಂದಿದೆ, ಅದು ಗೋಡೆ ಹಾರಿ ಬರುತ್ತದೆ ಎಂದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಸೇರಿಸಿದರು: "ಮರ ಒಂದ್ ನಾಕು, ನಲ್ಲಿ ಒಂದು. ಅಷ್ಟ್ ಬರೀರಿ ಮೇಡಂ. ಗಂಡಸ್ರು ಬೇವಿನ ಮರದ ಕೆಳಗೆ ಕುಂತಿರ್ತಾರೆ. ಹೆಣ್ಮಕ್ಳು ಎಲ್ ಕುಂದ್ರಬೇಕು ಹೇಳ್ರಿ?"

"ಚನ್ನಗಿರಿಯಲ್ಲಿ?" ಎಂದರು ರೈಯಾ.

"ಅಡಿಕೆ," ಎಂದೆ.

ಅವರು ಆ ಪದವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಪುಸ್ತಕ ಮುಚ್ಚಿ ಕೇಳಿದರು. "ಒಂದು ಕಾಯಿಯನ್ನು ತಡೆಯಲು ಗೋಡೆಯೇ?"

ವಿವರಿಸುವುದು ಕಷ್ಟವಾಯಿತು. ಅಡಿಕೆಯನ್ನು ಸುಲಿದು, ಬೇಯಿಸಿ, ದಿನಗಟ್ಟಲೆ ಬಿಸಿಲಿಗೆ ಹರವಬೇಕು. ಬೆಳೆ ಹೆಚ್ಚಿದಂತೆ ಮನೆಯ ಅಂಗಳ ಸಾಲದಾಯಿತು. ಈಗ ಸೀಸನ್ ಬಂತೆಂದರೆ ಸಪಾಟಾದ ಜಾಗ ಎಲ್ಲಿ ಕಂಡರೂ ಅಲ್ಲಿ ಅಡಿಕೆ. ಒಮ್ಮೆ ಹರವಿದರೆ ಅದು ಹರವಿದವರ ಜಾಗ. ಇನ್ನೊಬ್ಬರ ಅಡಿಕೆಯನ್ನು ಯಾರೂ ಸರಿಸುವುದಿಲ್ಲ, ಯಾರೂ ತುಳಿಯುವುದಿಲ್ಲ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ. ಸಣ್ಣ ಮಗು ಕೂಡ ಹರವಿದ ಅಡಿಕೆಯನ್ನು ಸುತ್ತುಹಾಕಿಕೊಂಡು ಹೋಗುತ್ತದೆ.

ಹೊಟ್ಟಿನ ದಾರಿ

ಮಧ್ಯಾಹ್ನ ಮೂರೂವರೆಗೆ ಕತ್ತಲಾಯಿತು. ಊರಿನ ಪಕ್ಕದ ಗುಡ್ಡದ ಮೇಲೆ ಪೈನ್ ಮರಗಳ ನಡುವೆ ಒಂದು ದಾರಿ. ಅದರ ಮೇಲೆ ಮರದ ಹೊಟ್ಟು ಹಾಸಿದ್ದಾರೆ. ಉದ್ದಕ್ಕೂ ದೀಪದ ಕಂಬಗಳು. ಕಾಲಿಟ್ಟರೆ ಮೆತ್ತಗೆ ಒಳಗಿಳಿದು ಹಿಂದಕ್ಕೆ ನೂಕುತ್ತದೆ. ಕಚೇರಿ ಬಿಟ್ಟವರು, ಶಾಲೆ ಬಿಟ್ಟವರು, ಕೈಯಲ್ಲಿ ಕೋಲು ಹಿಡಿದ ಮುದುಕಿಯರು, ಎಲ್ಲರೂ ಆ ಕತ್ತಲಲ್ಲಿ ಓಡುತ್ತಿದ್ದರು. ವರ್ಷದಲ್ಲಿ ಇಷ್ಟು ತಿಂಗಳು ಬೆಳಕಿಲ್ಲದ ಊರಲ್ಲಿ ಜನ ಮನೆಯೊಳಗೆ ಕುಳಿತರೆ ತಲೆ ಕೆಡುತ್ತದೆ, ಅದಕ್ಕೇ ಈ ದೀಪ ಎಂದರು ರೈಯಾ. ತಮ್ಮ ತಮ್ಮನೊಬ್ಬ ಹಾಗೆ ಮನೆಯೊಳಗೇ ಉಳಿದ ಎಂದೂ ಹೇಳಿದರು. ಆಮೇಲೆ ಏನಾಯಿತೆಂದು ಹೇಳಲಿಲ್ಲ.

ತಿಪ್ಪೇಸ್ವಾಮಿ ಮಫ್ಲರು ಬಿಗಿದು ಓಡಿ ನೋಡಿದರು. ದಾರಿಯ ನಟ್ಟನಡುವೆ ಓಡುತ್ತಿದ್ದ ಅವರನ್ನು ಹಿಂದಿನಿಂದ ಬಂದ ಮುದುಕಿಯೊಬ್ಬಳು ಏನೋ ಗದರಿ ದಾಟಿಕೊಂಡು ಹೋದಳು. ಏದುಸಿರು ಬಿಡುತ್ತಾ ವಾಪಸು ಬಂದರು.

"ಆ ಅಜ್ಜಿ ನನ್ನ ಬೈತೋ, ನಮಸ್ಕಾರ ಅಂತೋ?"

"ಬೈದಂಗೇ ಕೇಳ್ತು ಮೇಷ್ಟ್ರೇ."

"ಹಂಗಾದ್ರೆ ಪರವಾಗಿಲ್ಲ. ನಾಕ್ ದಿನದಾಗೆ ಇದೇ ಮೊದ್ಲು ಒಬ್ರು ಮಾತಾಡ್ಸಿದ್ದು."

ನಾನು ದಾರಿಯ ಅಗಲವನ್ನು ಟೇಪು ಹಿಡಿದು ಅಳೆಯುತ್ತಿದ್ದೆ. ಇಷ್ಟು ಅಗಲ ಯಾಕೆ, ಇದರ ಅರ್ಧ ಸಾಲದೇ ಎಂದು ರೈಯಾರನ್ನು ಕೇಳಿದೆ. ಮೊದಲು ಅರ್ಧವೇ ಇತ್ತಂತೆ, ಒಬ್ಬರು ಓಡುವಷ್ಟು. ಗಂಡಸರು ಮಾತ್ರ ಬರುತ್ತಿದ್ದರಂತೆ. "ಹುಡುಗಿಯರು ಇಬ್ಬಿಬ್ಬರು ಬರುತ್ತಾರೆ. ಪಕ್ಕಪಕ್ಕ ಓಡಲು ಜಾಗ ಬೇಕು. ಒಬ್ಬರ ಹಿಂದೆ ಒಬ್ಬರು ಓಡಿದರೆ ಹಿಂದಿನವಳು ಒಬ್ಬಳೇ ಆಗುತ್ತಾಳೆ."

ನಾನು ಟೇಪು ಸುತ್ತಿಟ್ಟೆ. ಒಂದು ಹಿಡಿ ಹೊಟ್ಟನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ನಮ್ಮಲ್ಲಿ ಅಡಿಕೆ ಸಿಪ್ಪೆ ಬೇಕಾದಷ್ಟಿದೆ, ರಸ್ತೆಯಲ್ಲಿ ಸುಡುವ ಬದಲು ಓಡುವ ದಾರಿಗೆ ಹಾಸಿದರೆ ಹೇಗೆ ಎಂದು ಥಟ್ಟನೆ ಹೊಳೆಯಿತು. ಹೇಳಿದೆ. ತಿಪ್ಪೇಸ್ವಾಮಿ ನನ್ನನ್ನೇ ನೋಡಿದರು.

"ಮೇಡಂ, ಸಿಪ್ಪೆ ರಾಶಿ ಒಳಗೊಳಗೇ ವಾರಗಟ್ಲೆ ಉರೀತೈತೆ. ಯಾರಾನ ಒಂದ್ ಬೀಡಿ ಎಸೆದ್ರೆ ಓಡೋ ಮಕ್ಳು ಕಾಲ್ ಸುಟ್ಕಂತಾರೆ. ಮಣ್ಣು ಸಾಕ್ರೀ. ಕೆಂಪು ಮಣ್ಣು, ನೀರು, ಒಂದ್ ರೋಲರು. ಅಷ್ಟಕ್ಕೆ ನಾವು ಇಷ್ಟ್ ದೂರ ಬರಬೇಕಿರ್ಲಿಲ್ಲ."

ಆ ಸಂಜೆ ಭವ್ಯಳಿಗೆ ಫೋನು ಮಾಡಿದೆ. ಬೆಳಿಗ್ಗೆ ಓಡಿದೆಯಾ ಎಂದು ಕೇಳಿದೆ. ಓಡಿದ್ದಳು.

"ಹೊಗೆ ಇತ್ತಾ?"

"ಇರ್ತೈತಲ್ಲ ಅತ್ತೆ. ಲಾರಿ ಸೌಂಡ್ ಕೇಳಿದ್ರೆ ಚರಂಡಿಗ್ ಇಳೀತೀನಿ. ಅದ್ರಲ್ಲೇ ಅರ್ಧ ಟೈಮ್ ಹೋಗ್ತೈತೆ."

ಸೌನಾ

ಅಲ್ಲಿಯವರಿಗೆ ಸೌನಾ ಎಂದರೆ ಬಿಸಿ ಹಬೆಯ ಕೋಣೆ. ಒಲೆಯ ಮೇಲೆ ಕಾದ ಕಲ್ಲುಗಳಿಗೆ ನೀರು ಎರಚಿ ಸುಮ್ಮನೆ ಕುಳಿತುಕೊಳ್ಳುತ್ತಾರೆ. ಕೆರೆಯ ದಂಡೆಯಲ್ಲಿ ಊರಿನವರಿಗೆಲ್ಲ ಸೇರಿದ ಒಂದಿತ್ತು. ಇದೂ ಪಾರ್ಕೇ, ನೋಡಲೇಬೇಕೆಂದು ರೈಯಾ ಕರೆದುಕೊಂಡು ಹೋದರು. ಹೆಂಗಸರ ಕೋಣೆಗೆ ನಾನು ಉದ್ದ ನೈಟಿಯಲ್ಲಿ ಹೋದೆ. ಒಳಗಿದ್ದ ಆರೇಳು ಹೆಂಗಸರ ಮೈಮೇಲೆ ಏನೂ ಇರಲಿಲ್ಲ. ಯಾರೂ ನಗಲಿಲ್ಲ, ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನೈಟಿ ತೊಟ್ಟವಳೇ ಬರಿಮೈಯವಳಂತೆ ಕುಳಿತೆ.

ಒಬ್ಬಳು ಕಲ್ಲಿಗೆ ನೀರೆರೆದಳು. ಹಬೆ ಎದ್ದು ಮುಖಕ್ಕೆ ಬಡಿಯಿತು. ಆ ಬಿಸಿ ನನಗೆ ಗೊತ್ತಿತ್ತು. ಅಡಿಕೆ ಬೇಯಿಸುವ ಹಂಡೆಯ ಮುಚ್ಚಳ ತೆಗೆದಾಗ ಬರುವ ಬಿಸಿ. ವಾಸನೆ ಇರಲಿಲ್ಲ ಅಷ್ಟೆ. ಉಳಿದ ಹೆಂಗಸರು ಒಬ್ಬೊಬ್ಬರೇ ಎದ್ದು ಕೆರೆಗಿಳಿಯಲು ಹೋದರು. ರೈಯಾ, ನಾನು ಇಬ್ಬರೇ ಉಳಿದೆವು. ಅಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳದ್ದನ್ನು ಅವರಿಗೆ ಹೇಳಿದೆ. ಹಬೆಯಿಂದ ಹಾಗಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನನಗನ್ನಿಸುವುದು ಬೇರೆ. ಅವರಿಗೆ ನಮ್ಮೂರಿನ ಯಾರೂ ಗೊತ್ತಿರಲಿಲ್ಲ, ಅದಕ್ಕೇ ಹೇಳಿದೆ.

ಹೇಳಿದ್ದು ಇದು. ಕೆಲವು ವರ್ಷಗಳ ಹಿಂದೆ ಚನ್ನಗಿರಿಯ ಅಂಚಿನಲ್ಲಿ ಹುಡುಗರ ಆಟಕ್ಕೆಂದು ಒಂದು ಕಾಂಕ್ರೀಟ್ ಅಂಗಳ ಆಯಿತು. ನಕ್ಷೆ ನನ್ನದು. ಮಳೆ ನೀರು ನಿಲ್ಲಬಾರದೆಂದು ಸಣ್ಣ ಇಳಿಜಾರು ಕೊಟ್ಟೆ. ಎಲೆ ಉದುರುತ್ತದೆಂದು ಸುತ್ತ ಒಂದೂ ಮರ ಇಡಲಿಲ್ಲ. ಬಿಸಿಲು ಇಡೀ ದಿನ ಬೀಳುತ್ತಿತ್ತು. ಮೊದಲ ಸೀಸನ್ನಿನಲ್ಲಿ ಎರಡು ಮನೆಯವರು ಅಡಿಕೆ ಹರವಿದರು. ಮರುವರ್ಷ ಮೂಲೆ ಮೂಲೆಗೂ ಕಲ್ಲಿಟ್ಟು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡರು. ಅಂಗಳಕ್ಕೆ ಬಳಿದ ಬಿಳಿ ಗೆರೆಗಳೆಲ್ಲ ಅಡಿಕೆಯ ಚೊಗರು ಹೀರಿ ಕೆಂಪಗಾದವು. (ಇಲ್ಲಿ ಕೈಗೆ ಸಿಗುವ ಹೋಲಿಕೆಯೊಂದಿದೆ. ಅದು ನನಗೆ ಬೇಡ.) ಭವ್ಯ, ನೇತ್ರಾ ಇಬ್ಬರೂ ಅಂಚಿನಲ್ಲಿ ಉಳಿದ ಒಂದು ಪಟ್ಟಿಯಲ್ಲಿ ಓಡುತ್ತಿದ್ದರು. ಆ ವರ್ಷ ನಮ್ಮಣ್ಣನ ಮನೆಯ ಅಂಗಳದಲ್ಲಿ ಕಟ್ಟಡದ ಕೆಲಸ ನಡೆದಿತ್ತು. ಅಡಿಕೆ ಬೆಂದು ಸಿದ್ಧವಾಗಿತ್ತು, ಆಟದ ಅಂಗಳದಲ್ಲಿ ಉಳಿದಿದ್ದದ್ದು ಆ ಅಂಚಿನ ಪಟ್ಟಿ ಒಂದೇ. ಅಲ್ಲಿ ಹರವಿಸಿದೆವು. ಸಂಜೆ ಹುಡುಗಿಯರು ಬಂದು ನೋಡಿ ನಿಂತಾಗ ನಾನೇ ಹೇಳಿದೆ, "ಎರಡು ದಿನ ರೋಡಲ್ಲಿ ಓಡ್ರಮ್ಮ."

ಮಾರನೆಯ ಬೆಳಿಗ್ಗೆ ಲಾರಿ.

ಸಮಿತಿಯಲ್ಲಿ, ಅರ್ಜಿಯಲ್ಲಿ, ಟಾಂಪೆರೆಯ ಸಭೆಯಲ್ಲಿ ನಾನು ಹೇಳಿದ್ದೆಲ್ಲ ಒಂದೇ ಥರ: "ಮೈದಾನ ಅಡಿಕೆಯಿಂದ ತುಂಬಿತ್ತು, ಹುಡುಗಿಯರು ರಸ್ತೆಗೆ ಹೋದರು." ಯಾರ ಅಡಿಕೆ ಎಂದು ಯಾರೂ ಕೇಳಲಿಲ್ಲ. ಹೇಳುತ್ತಾ ಹೇಳುತ್ತಾ ಹುಡುಗಿಯರಿಗೆ ನಾನು ಹೇಳಿದ ಆ ನಾಲ್ಕು ಪದಗಳು ನನ್ನ ನೆನಪಿನಿಂದಲೂ ಜಾರುತ್ತಿದ್ದವು. ನೇತ್ರಾಳ ತಾಯಿ ಹಾಲಮ್ಮ ಅಣ್ಣನ ಮನೆಗೆ ಅಡಿಕೆ ಕೆಲಸಕ್ಕೆ ಬರುವವಳು. ಆ ಸಂಜೆ ಅವಳು ಅಲ್ಲಿದ್ದಳೋ, ಹೊರಟುಹೋಗಿದ್ದಳೋ? ಹೊರಟುಹೋಗಿದ್ದಳು ಎಂದು ರೈಯಾಗೆ ಹೇಳಿದೆ.

ರೈಯಾ ಕಲ್ಲಿಗೆ ಇನ್ನೊಂದು ಸೌಟು ನೀರು ಎರೆದರು. "ಇಳಿಜಾರು ಎಷ್ಟು ಕೊಟ್ಟಿದ್ದೆ?"

"ನೂರಕ್ಕೆ ಒಂದು."

"ಒಣಗಿಸಲು ಒಳ್ಳೆಯ ಇಳಿಜಾರು." ಸೌಟನ್ನು ಬಕೆಟ್ಟಿಗೆ ಇಳಿಸಿದರು. "ಒಣಗಿಸುವವರಿಗೆ ಬೇರೆ ಜಾಗ ಬರೆದಿದ್ದೆಯಾ?"

"ಇಲ್ಲ."

"ಹಾಗಾದರೆ ನೀನು ಬರೆದದ್ದು ಒಣಗಿಸುವ ಜಾಗವನ್ನೇ."

ನಾನು ಅವರಿಂದ ಬೇರೇನನ್ನೋ ನಿರೀಕ್ಷಿಸುತ್ತಿದ್ದೆ. ಬಹುಶಃ ಹೆಗಲ ಮೇಲೆ ಒಂದು ಕೈಯನ್ನು. ಅವರು ಎದ್ದು ಹೊರಗೆ ಹೋಗಿ ಮರದ ಮೆಟ್ಟಿಲಿನಿಂದ ಕಪ್ಪು ನೀರಿಗೆ ಇಳಿದರು. ನಮ್ಮೂರ ಹತ್ತಿರದ ಸೂಳೆಕೆರೆಯ ನೀರು ನೋಡಿ ಬೆಳೆದವಳು ನಾನು, ನೀರು ಹೊಸದಲ್ಲ. ಮೆಟ್ಟಿಲ ತನಕ ಹೋಗಿ ಪಾದ ಇಳಿಸಿದೆ. ಮೂಳೆ ಹಿಡಿದಂತಾಯಿತು, ತೆಗೆದೆ.

ಕೊನೆಯ ಎರಡು ದಿನ

ಕೊನೆಯ ಎರಡು ದಿನ ಎಲ್ಲಿಗೂ ಹೋಗಲಿಲ್ಲ. ಹಳೆಯ ಕಾರ್ಖಾನೆಯೊಂದರ ಎತ್ತರದ ಕಿಟಕಿಯ ಕೆಳಗೆ ಕುಳಿತು ಚನ್ನಗಿರಿಯ ಹಾಳೆಯನ್ನು ಹೊಸದಾಗಿ ಬರೆದೆ. ಕಾಂಪೌಂಡಿನ ಗೆರೆ ಬಿಟ್ಟೆ. ನಡುವೆ ಅಡಿಕೆ ಒಣಗಿಸಲು ದೊಡ್ಡ ಕಣ. ಅದರ ಸುತ್ತ ಕೆಂಪು ಮಣ್ಣಿನ ಓಟದ ದಾರಿ, ಸರಿಯಾಗಿ ನಾನೂರು ಮೀಟರು, ಮೂಲೆಯಿಲ್ಲದ ತಿರುವುಗಳು, ಇಬ್ಬರು ಪಕ್ಕಪಕ್ಕ ಓಡುವಷ್ಟು ಅಗಲ. ಒಂದು ಬದಿಗೆ ದೊಡ್ಡವರು ಕೂರಲು ನೆರಳು, ಅಡಿಕೆಯ ಮೇಲೆ ಆ ನೆರಳು ಬೀಳದಂತೆ ಲೆಕ್ಕ ಹಾಕಿ. ಕಣ ಇದ್ದರೆ ಯಾರೂ ದಾರಿಯ ಮೇಲೆ ಹರವುವುದಿಲ್ಲ. ಜೀವನದಲ್ಲಿ ಮೊದಲ ಸಲ ಸರಿಯಾದ ನಕ್ಷೆ ಬರೆದೆ ಎನ್ನಿಸಿತು.

ಕೆಳಗೆ ಅಚ್ಚುಕಟ್ಟಾಗಿ ಬರೆದೆ: ಮೊದಲ ಹಂತ, ಕಣ. ಎರಡನೆಯ ಹಂತ, ಓಟದ ದಾರಿ.

ತಿಪ್ಪೇಸ್ವಾಮಿ ಕಾಫಿ ಲೋಟ ಹಿಡಿದು ಹಾಳೆಯ ಮೇಲೆ ಬಗ್ಗಿದರು. "ಇದೇನ್ರೀ ಹಂತ?"

"ಕಣ ಮೊದಲು ಆಗ್ಬೇಕು ಮೇಷ್ಟ್ರೇ. ಆಗ ಅಡಿಕೆ ಅಲ್ಲಿಗೆ ಹೋಗುತ್ತೆ, ದಾರಿಗೆ ಯಾರೂ ಬರಲ್ಲ."

"ಹಂತ ಅಳಿಸ್ರಿ."

"ಯಾಕೆ?"

"ಎರಡನೇ ಹಂತ ಅಂತ ಬರೆದಿದ್ದು ನಮ್ ಕಡೆ ಯಾವಾಗಾದ್ರೂ ಆಗಿದ್ದು ನೋಡೀರೇನ್ರೀ? ನಮ್ಮೂರಲ್ಲಿ ನೀರಿನ ಟ್ಯಾಂಕ್ ಮೊದಲ್ನೇ ಹಂತ, ಪೈಪು ಎರಡನೇದು. ಟ್ಯಾಂಕ್ ಮೇಲೆ ಪಾರಿವಾಳ ಕುಂತಾವೆ."

ನಾನು ನಕ್ಕೆ. ಕೆಲಸದ ಕ್ರಮವೆಂಬುದೊಂದಿರುತ್ತದೆ ಎಂದೆ. ಅವರು ಕಾಫಿ ಹೀರುತ್ತಾ ಕಿಟಕಿಯ ಕಡೆ ಹೋದರು. ಹಂತಗಳು ಹಾಗೇ ಉಳಿದವು. ಇದನ್ನು ನಾನು ಸರಿಯಾಗಿ ನೆನಪಿಟ್ಟಿದ್ದೇನೆ, ಏಕೆಂದರೆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಹೊರಡುವ ದಿನ ರೈಯಾ ನಿಲ್ದಾಣಕ್ಕೆ ಬಂದರು. ತಮ್ಮ ಪುಸ್ತಕ ತೆರೆದು "ಅಡಿಕೆ" ಎಂದು ಓದಿದರು, ಉಚ್ಚಾರ ಸರಿಯಿತ್ತು. ದಾರಿ ಆದ ಮೇಲೆ ಫೋಟೋ ಕಳಿಸು ಎಂದರು. ರೈಲು ಹೊರಡುವ ಮುಂಚೆಯೇ ತಿರುಗಿ ಹೋದರು. ಅಲ್ಲಿ ಕೈ ಬೀಸುತ್ತಾ ನಿಲ್ಲುವ ಪದ್ಧತಿಯಿಲ್ಲ.

ಚನ್ನಗಿರಿ

ಸಮಿತಿಗೆ ನಕ್ಷೆ ಬಹಳ ಹಿಡಿಸಿತು. ಇಷ್ಟು ವರ್ಷದಲ್ಲಿ ನಾನು ಬರೆದ ಯಾವುದನ್ನೂ ಜನ ಅಷ್ಟು ಬೇಗ ಒಪ್ಪಿರಲಿಲ್ಲ. ಫಾರಿನ್ನಿಗೆ ಹೋಗಿ ಬಂದರೂ ನಮ್ಮ ಕಷ್ಟ ಅರ್ಥವಾಗಿದೆ ಎಂದು ಹಿರಿಯರೊಬ್ಬರು ಎದ್ದು ನಿಂತು ಹೇಳಿದರು. ನಕ್ಷೆಯಲ್ಲಿ ಇಲ್ಲದ ಕಾಂಪೌಂಡೂ ಗೇಟೂ ಮೊದಲು ಬಂದವು. ಆಮೇಲೆ ಕಣ. ಸುತ್ತ ಮಣ್ಣು ಯಾಕೆ ಖಾಲಿ ಬಿಡುವುದು, ಜಾಗ ದಂಡ ಎಂದು ಕಾಂಕ್ರೀಟನ್ನು ಗೋಡೆಯ ತನಕ ಎಳೆದರು. ಓಟದ ದಾರಿ ಎರಡನೆಯ ಹಂತ. ಕೇಳಿದರೆ, ನಾನೇ ಬರೆದದ್ದೆಂದು ಹಾಳೆ ತೋರಿಸಿದರು. ಹಳೆಯ ಅಂಗಳದಿಂದ ಅಡಿಕೆ ಇಲ್ಲಿಗೆ ಬಂದೀತೆಂದುಕೊಂಡಿದ್ದೆ. ಅಲ್ಲಿ ಪಟ್ಟಿ ಹಿಡಿದವರು ಬಿಡಲಿಲ್ಲ, ಇಲ್ಲಿ ಹೊಸಬರು ಹಿಡಿದರು. ಸೀಸನ್ ಶುರುವಾದ ವಾರದಲ್ಲೇ ಎರಡೂ ತುಂಬಿದವು. ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ ಗೋಡೆ ಎದ್ದಿದೆ. ಜಗಳೂರಿನಲ್ಲಿ ತಿಪ್ಪೇಸ್ವಾಮಿ ಯಾರನ್ನೂ ಕೇಳದೆ ನಾಲ್ಕು ಬೇವಿನ ಸಸಿ ನೆಟ್ಟು ಕೊಡದಲ್ಲಿ ನೀರು ಹಾಕುತ್ತಿದ್ದಾರೆ. ಎರಡು ಒಣಗಿವೆಯಂತೆ.

ಭವ್ಯಳ ಪರೀಕ್ಷೆಗೆ ಕೊನೆಗೂ ದಿನ ಗೊತ್ತಾಯಿತು. ಅವಳನ್ನು ಸ್ಕೂಟರಿನಲ್ಲಿ ಹಿಂಬಾಲಿಸಿ ದೀಪ ಹಾಕಿಕೊಂಡು ಬರುತ್ತೇನೆ ಎಂದೆ.

"ಬ್ಯಾಡ ಅತ್ತೆ. ನಾನೀಗ ರೋಡಿಗೆ ಹೋಗಲ್ಲ."

"ಮತ್ತೆ ಎಲ್ಲಿ ಓಡ್ತೀ?"

"ಕಣದಾಗೆ."

ನಂಬಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೋದೆ. ಕಣದ ಕೆಲಸ ಈಗ ಹಾಲಮ್ಮನದು, ಗೇಟಿನ ಬೀಗದ ಕೈಯೂ ಅವಳ ಸೆರಗಿನಲ್ಲಿರುತ್ತದೆ. ಗೇಟು ತೆರೆದಿತ್ತು. ಹಾಲಮ್ಮ ಉದ್ದ ಹಿಡಿಯ ಹಲಗೆಯಿಂದ ಅಂಚಿನ ಅಡಿಕೆಯನ್ನು ಒಳಕ್ಕೆ ದೂಡಿಕೊಂಡು ಗೋಡೆಯ ಗುಂಟ ಬರುತ್ತಿದ್ದಳು. ಒಂದೊಂದು ಮನೆಯ ಪಟ್ಟಿಯನ್ನೂ, ಯಾರದೂ ಯಾರದಕ್ಕೂ ಬೆರೆಯದ ಹಾಗೆ, ಒಂದಿಷ್ಟು ಒಳಕ್ಕೆ. ಇನ್ನೊಬ್ಬರ ಅಡಿಕೆಗೆ ಯಾರೂ ಕೈ ಹಚ್ಚದ ಊರಲ್ಲಿ ಅವಳು ಹದಿನೈದು ಇಪ್ಪತ್ತು ಮನೆಯವರ ಅಡಿಕೆ ಸರಿಸುತ್ತಿದ್ದಳು. ಬಿಸಿಲೇರಿದ ಮೇಲೆ ಮತ್ತೆ ಹೊರಕ್ಕೆ ಎಳೆದು ಹರವುತ್ತಾಳೆ, ಯಾರಿಗೂ ಗೊತ್ತಿಲ್ಲ ಎಂದು ಭವ್ಯ ಆಮೇಲೆ ಹೇಳಿದಳು.

ನಾನು ಹತ್ತಿರ ಹೋದೆ. ಟಾಂಪೆರೆಯ ಕೋಣೆಯಲ್ಲಿ ಬಂದಷ್ಟು ಸಲೀಸಾಗಿ ಮಾತು ಬರಲಿಲ್ಲ.

"ಹಾಲಮ್ಮ, ಅವತ್ತು ಸಂಜೆ ಹುಡುಗ್ಯರಿಗೆ ರೋಡಲ್ಲಿ ಓಡ್ರಿ ಅಂದಿದ್ದು..."

"ಗೊತ್ತೈತ್ರೀ ಅಕ್ಕಾರೆ." ಹಲಗೆ ನಿಲ್ಲಲಿಲ್ಲ. "ನಾ ಅಲ್ಲೇ ಇದ್ನಲ್ಲ. ನಿಮ್ ಅಡಿಕೆ ಹರವ್ತಾ ಇದ್ದಿದ್ದು ನಾನೇ."

ಅಷ್ಟೇ. ಅವಳು ಬೈಯಲಿಲ್ಲ, ಬಿಡಿ ಎಂದೂ ಹೇಳಲಿಲ್ಲ. ಗೋಡೆಯ ಪಕ್ಕ ಚಪ್ಪಲಿ ಬಿಟ್ಟು ನಿಂತಿದ್ದ ಭವ್ಯಳ ಕಡೆ ತಿರುಗಿದಳು.

"ಓಡವ್ವ. ನೋಡ್ಕಂಡ್ ಓಡು. ಅಡಿಕೆ ತುಳೀಬ್ಯಾಡ."

ಭವ್ಯ ಓಡಿದಳು. ಚೌಕ ಕಣ, ನಾಲ್ಕು ಮೂಲೆ. ಪ್ರತಿ ಮೂಲೆಯಲ್ಲೂ ಕಾಲು ತಡೆದು, ತಿರುಗಿ, ಮತ್ತೆ ವೇಗ ಹಿಡಿಯಬೇಕು. ಅವಳ ಸಮಯ ಅಲ್ಲೇ ಸೋರಿಹೋಗುತ್ತಿತ್ತು. ಒಂದು ಸುತ್ತು ನಾನೂರು ಮೀಟರೂ ಆಗುವುದಿಲ್ಲ. ಅವಳು ಗೋಡೆಗೆ ಹತ್ತಿಕೊಂಡೇ ಓಡುತ್ತಿದ್ದಳು, ಅಡಿಕೆಯಿಂದ ದೂರ. ಪಕ್ಕದಲ್ಲಿ ಅಷ್ಟುದ್ದಕ್ಕೂ ಜಾಗ ಖಾಲಿ ಉಳಿದಿತ್ತು.

ನನ್ನ ನೆನಪಿನ ಮೇಲೆ ಬಿಟ್ಟರೆ ಇದನ್ನು ಎಲ್ಲಿಗೋ ಎತ್ತಿಡುತ್ತೇನೆ. ಅದಕ್ಕೆ ಚೀಲದಿಂದ ಟೇಪು ತೆಗೆದು, ಹಾಲಮ್ಮ ಬಿಟ್ಟ ಜಾಗವನ್ನು ಗೋಡೆಯಿಂದ ಅಡಿಕೆಯ ತನಕ ಮೂರು ಕಡೆ ಅಳೆದೆ. ಮೂರು ಕಡೆಯೂ ಒಂದೇ ಅಳತೆ. ಇಬ್ಬರು ಪಕ್ಕಪಕ್ಕ ಓಡುವಷ್ಟು.